ನಿಶ್ಚಿತಾರ್ಥದ ಮುಂದಿನ ಕಂತು

"ಮೊಬೈಲಲ್ಲಿ ಕತೆ ಬರೆಯೋ ವನಜಾಕ್ಷಿ ನೀವೇನಾ?"

ಹುಳಿಯಾರಿನ ಟೈಲರ್ ಅಂಗಡಿಯಲ್ಲಿ ರವಿಕೆಗೆ ಹುಕ್ಕು ಹಾಕುತ್ತಿದ್ದ ವನಜಾಕ್ಷಿ ತಲೆಯೆತ್ತಿದಳು. ಬಾಗಿಲಲ್ಲಿ ನಿಂತಿದ್ದವನ ಬೋಳುತಲೆಯಲ್ಲಿ ಕೂದಲು ಈಗಷ್ಟೇ ಚಿಗುರುತ್ತಿತ್ತು. ಕಣ್ಣು ಕೆಂಪಗಿತ್ತು.

ಹೌದೆಂದಳು.

"ನಮ್ಮವ್ವ ಹೋಗ್ಬುಟ್ಲು. ನಿಮ್ ಕತೇಲಿರೋ ಆ ಇಬ್ರೂ ಒಂದಾಗ್ತಾರೋ ಇಲ್ವೋ ಅಂತ ಕಾದೂ ಕಾದೂ ಹೋಗ್ಬುಟ್ಲು. ಜನ ಓದ್ಲಿ ಅಂತ ಹಿಂಗೆ ಆಟ ಆಡ್ಸದು ನ್ಯಾಯನಾ?"

ಅವಳು ರವಿಕೆ ಕೆಳಗಿಟ್ಟು ಏಳುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಅವನ ಹೆಸರು ಕಾಂತೇಶ್. ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುವವನು. ಹಾಸಿಗೆ ಹಿಡಿದಿದ್ದ ತಾಯಿ ರೇವಮ್ಮನಿಗೆ ದಿನಾ ಸಂಜೆ ಈ ಕತೆಯನ್ನೇ ಓದಿ ಹೇಳುತ್ತಿದ್ದ.

ವನಜಾಕ್ಷಿಗೆ ಅಂದು ಸೂಜಿ ಹಿಡಿಯಲಾಗಲಿಲ್ಲ. 'ಆಟ...' ಹಾಗೆ ಕಾಣುತ್ತದೆಯೇ?

ಮೊಬೈಲಿನಲ್ಲಿ ಕಂತು ಕಂತಾಗಿ ಹಾಕುತ್ತಿದ್ದ ಕತೆ ಚೆನ್ನಾಗಿಯೇ ಸಾಗುತ್ತಿತ್ತು. ಹುಡುಗ ಹುಡುಗಿ ಭೇಟಿಯಾಗುತ್ತಿದ್ದರು, ಮುನಿಸಿಕೊಳ್ಳುತ್ತಿದ್ದರು, ನಿಶ್ಚಿತಾರ್ಥವೂ ಆಗುತ್ತಿತ್ತು. ಅಲ್ಲಿಗೆ ಬಂದೊಡನೆ ಅವಳ ಬೆರಳು ನಿಂತುಬಿಡುತ್ತಿತ್ತು. ಹಾಕಿದ್ದ ಕಂತುಗಳನ್ನೆಲ್ಲ ಅಳಿಸಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು. ಒಮ್ಮೆ ಹುಡುಗನನ್ನು ಮೇಷ್ಟ್ರು ಮಾಡಿದಳು, ಇನ್ನೊಮ್ಮೆ ಕಂಡಕ್ಟರ್. ಊರು ಬದಲಾಯಿಸಿದಳು, ಹೆಸರು ಬದಲಾಯಿಸಿದಳು. ಏನು ಮಾಡಿದರೂ ನಿಶ್ಚಿತಾರ್ಥದಿಂದಾಚೆಗೆ ಅವಳಿಗೆ ದಾರಿಯೇ ಇರಲಿಲ್ಲ. ಓದುಗರು ಬೈದರು. ಬೈಯಲಿ ಎಂದು ಸುಮ್ಮನಿದ್ದಳು.

ಕೆಲವು ವಾರಗಳ ನಂತರ ಹಂದನಕೆರೆಯ ಅವಳ ಮನೆಯ ಪಕ್ಕದ ತೋಟದ ಮೋಟಾರ್ ಸುಟ್ಟುಹೋಯಿತು. ರಿಪೇರಿಗೆ ಬಂದವನು ಕಾಂತೇಶನೇ! ವನಜಾಕ್ಷಿ ಮುಖ ತಿರುಗಿಸಿ ಒಳಗೆ ಹೋದಳು.

ಮಗಳ ಮುನಿಸಿಗೆ ಕಾರಣ ಕೇಳಿದ ತಾಯಿ ಹೊಂಬಾಳಮ್ಮನಿಗೆ ಅವನು ಅಂಗಡಿಯಲ್ಲಿ ಆಡಿದ ಮಾತನ್ನು ಮುಚ್ಚಿಡದೆ ಹೇಳಿದ.  ಆಕೆ ಮಗಳನ್ನು ಮದುವೆಯಾಗಬೇಕಿದ್ದ ರವೀಂದ್ರನ ವಿಷಯ ಹೇಳಿದಳು. ನಿಶ್ಚಿತಾರ್ಥ ಮುಗಿದು, ಲಗ್ನಪತ್ರಿಕೆ ಹಂಚಲು ತಿಪಟೂರಿಗೆ ಬೈಕಿನಲ್ಲಿ ಹೊರಟ ಹುಡುಗ ಅಪಘಾತಕ್ಕೆ ಸಿಕ್ಕಿ ಮನೆಗೆ ಮರಳಲಿಲ್ಲ...

ಕಾಂತೇಶ್ ಹಿತ್ತಲಿಗೆ ಬಂದು, ಬಟ್ಟೆ ಒಗೆಯುತ್ತಿದ್ದ ಅವಳೆದುರು ತಲೆ ತಗ್ಗಿಸಿ ನಿಂತ. ತನ್ನಿಂದ ತಪ್ಪಾಯಿತು ಎಂದ. ಅವಳು ಕೈಲಿದ್ದ ಬಟ್ಟೆ ಹಿಂಡಿ ಪಕ್ಕಕ್ಕಿಟ್ಟಳು.

"ನಿಮ್ಮವ್ವ ನನ್ನ ಬೈಕೊಂಡ್ರಾ?"

"ಬೈತಿದ್ದೋನು ನಾನು ಕಣ್ರೀ. ಮತ್ತೆ ಮೊದಲಿಂದ ಶುರು ಮಾಡೌಳೆ ಅಂತ ರೇಗ್ತಿದ್ದೆ. ಅವ್ವ ಮಾತ್ರ, 'ಪಾಪ, ಆ ಹುಡ್ಗಿಗೆ ಮುಂದಕ್ಕೋಗಕ್ಕೆ ಭಯ ಕಣ್ಲಾ, ಮೊದಲಿಂದ್ಲೇ ಓದು' ಅಂತಿದ್ಲು."

ರವೀಂದ್ರ ಹೋದಾಗಿನಿಂದ ಯಾರೆದುರೂ ಅಳದ ವನಜಾಕ್ಷಿ, ಒಗೆಯುವ ಕಲ್ಲಿನ ಮೇಲೆ ಕುಳಿತು ಅತ್ತಳು. ಮುಖವನ್ನೇ ಕಾಣದ ಒಬ್ಬ ತಾಯಿಗೆ ತನ್ನ ಸಂಕಟ ತಿಳಿದಿತ್ತು...  ಅಳು ನಿಲ್ಲುವವರೆಗೆ ಅವನು ದೂರದಲ್ಲಿ ಕೂತಿದ್ದ.

ಆಮೇಲೆ ಅವನು ಆಗಾಗ ಬರತೊಡಗಿದ. ಅವಳು ರವೀಂದ್ರನ ಬಗ್ಗೆ ಹೇಳುತ್ತಿದ್ದಳು, ಅವನು ಅವ್ವನ ಬಗ್ಗೆ. ಅವನು ಬರುವುದು ತಡವಾದರೆ ಪ್ರತಿ ಬೈಕಿನ ಸದ್ದಿಗೂ ತಾನು ಬಾಗಿಲಿಗೆ ಓಡುವುದು ಅವಳಿಗೇ ತಿಳಿಯಿತು. ಹೆದರಿದಳು. ಆ ಹೆದರಿಕೆಯಲ್ಲೇ ಕೂತು ಮುಂದಿನ ಕಂತು ಬರೆದಳು. ಅದರಲ್ಲಿ ಹುಡುಗ ಲಗ್ನಪತ್ರಿಕೆ ಹಂಚಲು ಹೋದ, ಮರಳಲಿಲ್ಲ. ಈ ಸಲ ಅವಳು ಅಳಿಸಲಿಲ್ಲ.

ಮರುದಿನ ಬೆಳಿಗ್ಗೆಯೇ ಕಾಂತೇಶ್ ಬಂದ. ಓದಿದ್ದನೆಂದು ಮುಖವೇ ಹೇಳುತ್ತಿತ್ತು.

"ಕತೆ ವಿಚಾರಕ್ಕೆ ಬಂದಿಲ್ಲ. ನಿಮ್ಮನ್ನ ಕೇಳಕ್ಕೆ ಬಂದಿದ್ದೀನಿ. ನನ್ನ ಮದುವೆ ಆಗ್ತೀರಾ?"

"ನಾನು ಅವರನ್ನ ಮರೆಯಕ್ಕಾಗಲ್ಲ," ಎಂದಳು ಕಣ್ಣು ತುಂಬಿ.

"ಮರೀಬ್ಯಾಡಿ. ನಾನೂ ಅವ್ವನ್ನ ಮರ್ತಿಲ್ಲ. ಇಬ್ರನ್ನೂ ಜೊತೇಲೇ ಇಟ್ಕೊಂಡು ಬಾಳಾಣ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬೈಕ್ ನಿಧಾನಕ್ಕೆ ಓಡಿಸ್ತೀರಾ?"

"ಓಡಿಸ್ತೀನಿ."

"ಹಂಗಾದ್ರೆ ಒಳಗ್ ಬನ್ನಿ. ನಮ್ಮವ್ವನ ಹತ್ರ ನಾನೇ ಮಾತಾಡ್ತೀನಿ."