ಏಳನೆಯ ಏಟು

ನಾಲ್ಕು ವರ್ಷಗಳ ನಂತರ ಎಜ್ರಾನನ್ನು ನಾನು ಕಂಡದ್ದು ಸಾಸೇಜು ಸುಡುವ ಹೊಗೆಯ ಆಚೆ ಬದಿಯಲ್ಲಿ. ಹೊಗೆ ಸರಿದಾಗ ಅವನ ಎಡಹುಬ್ಬು ಕಂಡಿತು. ಮತ್ತೆ ಸರಿದಾಗ ತುಟಿಯ ಅಂಚು. ಹೀಗೆ ತುಣುಕು ತುಣುಕಾಗಿ ಅವನನ್ನು ಜೋಡಿಸಿಕೊಂಡು ಮುಗಿಸುವ ಹೊತ್ತಿಗೆ ಅವನು ನನ್ನನ್ನೇ ನೋಡುತ್ತಿದ್ದ.

"ನಿನ್ನ ಬಿಯರ್ ಬಿಸಿ ಆಗೋಯ್ತು, ಆಂಡರ್ಸ್," ಎಂದ. "ಕುಡಿಯೋದಾದ್ರೆ ಕುಡಿ, ಇಲ್ಲ ಗಿಡಕ್ಕೆ ಹಾಕು."

"ನೀನು ಬರಲ್ಲ ಅಂದ್ಕೊಂಡಿದ್ದೆ."

"ನೀನು ಬರ್ತೀಯ ಅಂತ ಗೊತ್ತಿತ್ತು. ಅದಕ್ಕೇ ಬಂದೆ."

ಆ ಮಾತು ಪ್ರೀತಿಯದೋ ಹಗೆಯದೋ ತಿಳಿಯಲಿಲ್ಲ. ಅವನ ಕಣ್ಣುಗಳು ಎರಡನ್ನೂ ಸಮನಾಗಿ ಹಿಡಿದಿದ್ದವು.

ಕಾಲೇಜಿನ ಹುಡುಗರು ಒಟ್ಟಿಗೆ ವಾಸಿಸುವ ನಮ್ಮ ಸೋದರ ಸಂಘಕ್ಕೆ ಅಂದು ಎಪ್ಪತ್ತೈದು ವರ್ಷ ತುಂಬಿತ್ತು. ಅಯೋವಾದ ಅಕ್ಟೋಬರ್ ಬಿಸಿಲಿನಲ್ಲಿ, ಸಂಘದ ಬಿಳಿಕಂಬಗಳ ಮನೆಯ ಮುಂದೆ, ಇನ್ನೂರು ಮಂದಿ ಹಳೆಯ ಹುಡುಗರು ಒಂದೇ ಬಣ್ಣದ ಟೈ ಕಟ್ಟಿಕೊಂಡು ನೆರೆದಿದ್ದರು.

ನಮ್ಮಲ್ಲಿ ಹೊಸದಾಗಿ ಸೇರುವ ಪ್ರತಿಯೊಬ್ಬನಿಗೂ ಒಬ್ಬ ಅಣ್ಣನನ್ನು ಗೊತ್ತುಮಾಡುತ್ತಾರೆ. ತಮ್ಮನಾದವನು ದೋಣಿಯ ಹುಟ್ಟಿನಂತಹ ಹಲಗೆಯೊಂದನ್ನು ಕೆತ್ತಿ, ಹೊಳಪು ಕೊಟ್ಟು, ಅಣ್ಣನ ಹೆಸರು ಕೊರೆದು ಕಾಣಿಕೆಯಾಗಿ ಕೊಡಬೇಕು. ಸೇರ್ಪಡೆಯ ದಿನ ಅಣ್ಣ ಅದೇ ಹಲಗೆಯಿಂದ, ಬಾಗಿ ನಿಂತ ಅವನ ಹಿಂಭಾಗಕ್ಕೆ ಹೊಡೆಯಬೇಕು. ಬಳಿಕ ಹಲಗೆ ಗೋಡೆಗೆ, ಸೋದರಿಕೆ ಸಾಯುವವರೆಗೆ.

ನನ್ನ ಪಾಲಿಗೆ ತಮ್ಮನಾಗಿ ಬಂದ ಎಜ್ರಾ ನನಗಾಗಿ ಕೆತ್ತಿದ್ದು ಅಕ್ರೋಟು ಮರದ ಹಲಗೆ. ಅದನ್ನು ಉಜ್ಜಿದ ಆರು ವಾರವೂ ಅವನು ಕೆಮಿಸ್ಟ್ರಿ ಹೇಳಿಸಿಕೊಳ್ಳುವ ನೆಪದಲ್ಲಿ ನನ್ನ ಕೋಣೆಗೆ ಬರುತ್ತಿದ್ದ. ಉಗುರಿನ ಸಂದಿಯಲ್ಲಿ ಕಂದು ಪುಡಿ. ಮೈಯಿಂದ ಹಸಿಮರದ ವಾಸನೆ. ಅವನು ಪುಸ್ತಕದತ್ತ ಬಾಗಿದಾಗಲೆಲ್ಲ ನಾನು ಸಮೀಕರಣ ತಪ್ಪು ಬರೆಯುತ್ತಿದ್ದೆ. ಅವನು ತಪ್ಪಿನ ಮೇಲೆ ಬೆರಳಿಟ್ಟು ನನ್ನ ಮುಖ ಕೆಂಪಾಗುವವರೆಗೆ ಕಾಯುತ್ತಿದ್ದ.

ಆಗಿನ ಅಧ್ಯಕ್ಷ ಗ್ರೇಡಿ ನಮ್ಮ ನೋಟಗಳನ್ನು ಗಮನಿಸುತ್ತಿದ್ದ. ಸೇರ್ಪಡೆಯ ದಿನ ಉಳಿದವರಿಗೆಲ್ಲ ಮೂರು ಏಟು, ಎಜ್ರಾನಿಗೆ ಹತ್ತು ಎಂದ. "ನೀನು ಹೊಡೀತೀಯೋ, ನಾನು ಹೊಡೀಲೋ?"

ಗ್ರೇಡಿ ಹೊಡೆದರೆ ಮೂಳೆ ಉಳಿಯುತ್ತಿರಲಿಲ್ಲ. ಹಲಗೆಯನ್ನು ನಾನೇ ತೆಗೆದುಕೊಂಡೆ. ಸದ್ದು ಹೆಚ್ಚಾಗಿ ನೋವು ಕಡಿಮೆಯಾಗುವ ಕೋನವನ್ನು ಮೊದಲೇ ಲೆಕ್ಕ ಹಾಕಿದ್ದೆ. ಆರು ಏಟು ಹಾಗೆಯೇ ಬಿದ್ದವು. ಆಗ ಎಜ್ರಾ ಕತ್ತು ಹೊರಳಿಸಿ ನನ್ನನ್ನು ನೋಡಿ ನಕ್ಕ. ನನ್ನ ಉಪಾಯ ತಿಳಿಯಿತು ಎಂಬ ನಗು ಅದು. ಅದರಲ್ಲಿ ಇನ್ನೂ ಏನೋ ಇತ್ತು, ಕೋಣೆಯಲ್ಲಿದ್ದ ಮೂವತ್ತು ಜನರೂ ಓದಬಹುದಾದಂಥದ್ದು.

ಏಳನೆಯದನ್ನು ನಾನು ಮೈಯ ಬಲವನ್ನೆಲ್ಲ ಹಾಕಿ ಹೊಡೆದೆ. ಹಲಗೆ ಉದ್ದಕ್ಕೆ ಸೀಳಿತು. ಅವನ ಬೆನ್ನೆಲುಬಿನ ತುದಿಯ ಮೂಳೆ ಮುರಿಯಿತು. ಮೆಟ್ಟಿಲಿನಿಂದ ಬಿದ್ದೆನೆಂದು ಹೊರಗಿನವರಿಗೆಲ್ಲ ಹೇಳಿ, ಅವನು ಕಾಲೇಜನ್ನೇ ಬಿಟ್ಟು ಹೋದ.

"ಒಂದೇ ಪ್ರಶ್ನೆ ಕೇಳಕ್ಕೆ ಬಂದಿದ್ದೀನಿ," ಎಂದ ಎಜ್ರಾ ಈಗ. "ಆರು ಏಟು ಒಂಥರ ಇದ್ವು. ಏಳನೇದು ಯಾಕೆ ಹಾಗೆ? ಉತ್ತರ ಸಿಕ್ಕಿದ್ರೆ ಇರ್ತೀನಿ. ಸಿಗದಿದ್ರೆ ಮೂರೂವರೆ ಬಸ್ಸಿಗೆ ಟಿಕೆಟ್ ಇದೆ."

"ಇಲ್ಲಿ ಬೇಡ. ಎಲ್ಲರೂ ಇದ್ದಾರೆ."

"ಅವತ್ತೂ ಎಲ್ಲರೂ ಇದ್ರು."

ಅಷ್ಟರಲ್ಲಿ ಜಗುಲಿಯ ಮೇಲಿಂದ ಮೈಕು ಗೊರಗುಟ್ಟಿತು. ಅದನ್ನು ಹಿಡಿದಿದ್ದ ಗ್ರೇಡಿ ಈಗ ಊರಿನ ಕೌನ್ಸಿಲ್ ಚುನಾವಣೆಗೆ ನಿಂತಿದ್ದ. ನಗುವಿಗೂ ಇಸ್ತ್ರಿ ಹಾಕಿಸಿದಂತಿತ್ತು. ಎಪ್ಪತ್ತೈದರ ನೆನಪಿಗೆ ಪ್ರತಿ ಅಣ್ಣನೂ ತನ್ನ ತಮ್ಮನಿಗೆ ಎಲ್ಲರೆದುರು ಒಂದೊಂದು ಏಟು ಹಾಕಬೇಕೆಂದು ಘೋಷಿಸಿದ. ಮೊದಲು ಜಗುಲಿ ಹತ್ತಿದವರು ಎಂಬತ್ತು ದಾಟಿದ ಇಬ್ಬರು.

"ಮೆಲ್ಲಗೆ ಹೊಡಿಯೋ, ಪ್ರೂಯಿಟ್. ಸೊಂಟ ಹೊಸದು," ಎಂದರು ಬಾಗಿ ನಿಂತವರು.

"ಗ್ಯಾರಂಟಿ ಕಾರ್ಡ್ ಇದ್ಯಲ್ಲ, ಸುಮ್ನಿರು," ಎಂದರು ಪ್ರೂಯಿಟ್. ಅಂಗಳವೆಲ್ಲ ನಕ್ಕಿತು.

ನಗು ಇಳಿಯುವ ಮೊದಲೇ ಗ್ರೇಡಿ ನಮ್ಮ ಹಲಗೆಯನ್ನು ಎತ್ತಿ ತೋರಿಸಿದ. ಸೀಳಿಗೆ ತಗಡು ಬಡಿದು ಜೋಡಿಸಿದ್ದರು. "ಆಂಡರ್ಸ್, ಎಜ್ರಾ. ಬನ್ರೋ ಮದುಮಕ್ಕಳೇ."

ಎಜ್ರಾ ನನಗಿಂತ ಮೊದಲೇ ಮೆಟ್ಟಿಲು ಹತ್ತಿದ. ಕಟಕಟೆಯ ಮೇಲೆ ಎರಡೂ ಕೈ ಇಟ್ಟು, ಕತ್ತು ಹೊರಳಿಸಿ ನನ್ನನ್ನು ನೋಡಿದ. ಈ ಸಲ ನಗಲಿಲ್ಲ.

"ಹೊಡಿ," ಎಂದ ಮೆಲ್ಲಗೆ. "ಇಲ್ಲ ಅಂದ್ರೆ ಹೇಳು."

ನಾನು ಗ್ರೇಡಿ ಚಾಚಿದ ಹಲಗೆಯನ್ನು ಬಿಟ್ಟು ಅವನ ಇನ್ನೊಂದು ಕೈಯ ಮೈಕನ್ನು ತೆಗೆದುಕೊಂಡೆ. ಪದಗಳನ್ನು ಒಂದೊಂದಾಗಿ ಇಟ್ಟೆ.

"ಇವನ ಮೂಳೆ ಮುರಿದದ್ದು ಮೆಟ್ಟಿಲಲ್ಲ, ನಾನು. ಹತ್ತು ಹೊಡಿ ಅಂದದ್ದು ಗ್ರೇಡಿ. ಆದ್ರೆ ಏಳನೇದು ಗ್ರೇಡಿದಲ್ಲ, ನಂದೇ. ಇವನು ನನ್ನ ನೋಡಿ ನಕ್ಕ. ನಾನು ಇವನನ್ನ ಪ್ರೀತಿಸ್ತೀನಿ ಅಂತ ನಿಮಗೆಲ್ಲ ಗೊತ್ತಾಗಿಬಿಡುತ್ತೆ ಅಂತ ಹೆದರಿ ಹೊಡೆದೆ."

ಅಂಗಳದಲ್ಲಿ ಯಾರೋ ಫೋನು ಎತ್ತಿ ಚಿತ್ರೀಕರಿಸುತ್ತಿದ್ದರು. ಗ್ರೇಡಿ ಅದನ್ನು ನೋಡಿದ, ನಂತರ ನನ್ನನ್ನು.

"ಬಾಯಿ ಮುಚ್ಚೋ," ಎಂದು ಹಲಗೆಯ ಅಂಚಿನಿಂದ ನನ್ನ ಬಾಯಿಗೆ ಬೀಸಿದ.

ಹಲ್ಲು ಮುರಿಯುವ ಸದ್ದು ತಲೆಬುರುಡೆಯ ಒಳಗಿನಿಂದ ಕೇಳಿಸುತ್ತದೆ. ಎರಡು ಹಲ್ಲು ನಾಲಿಗೆಯ ಮೇಲೆ ಬಿದ್ದವು. ನಾಲಿಗೆ ಅವುಗಳನ್ನು ಎಣಿಸಿತು. ಎರಡನೆಯ ಏಟು ಕೊರಳ ಮೂಳೆಗೆ. ಕೆಳಗೆ ಬಿದ್ದವನ ಪಕ್ಕೆಗೆ ಅವನ ಬೂಟು ಬಿತ್ತು, ಮತ್ತೆ ಬಿತ್ತು. ಜಗುಲಿಯ ಹಲಗೆಗಳ ನಡುವೆ ನನ್ನ ರಕ್ತ ನೇರ ಗೆರೆಯಾಗಿ ಹರಿಯಿತು.

ಆಮೇಲೆ ಬೂಟು ಬೀಳಲಿಲ್ಲ. ಎಜ್ರಾ ಗ್ರೇಡಿಯ ಸೊಂಟ ಹಿಡಿದು ಮೆಟ್ಟಿಲುಗಳ ಕೆಳಗೆ ಉರುಳಿಸಿದ್ದ. ಎದೆಯ ಮೇಲೆ ಕೂತು ಬರಿಗೈಯಿಂದ ಗುದ್ದುತ್ತಿದ್ದ: ಮೂಗು, ದವಡೆ, ಮತ್ತೆ ಮೂಗು. ಎಳೆಯಲು ಬಂದ ಇಬ್ಬರನ್ನೂ ಮೊಣಕೈಯಿಂದ ತಿವಿದು ಬೀಳಿಸಿದ. ಕೊನೆಗೆ ಪ್ರೂಯಿಟ್ ತಮ್ಮ ಊರುಗೋಲನ್ನು ಎಜ್ರಾನ ಮತ್ತು ಗ್ರೇಡಿಯ ಮುಖಗಳ ನಡುವೆ ತೂರಿಸಿದರು.

"ಸಾಕು ಬಿಡಪ್ಪ," ಎಂದರು. "ಅವನಿಗೆ ಪ್ರಜ್ಞೆ ಇಲ್ಲ. ನಿನ್ನೋನು ಜಗುಲಿ ಮೇಲೆ ಬಿದ್ದಿದ್ದಾನೆ, ಹೋಗಿ ನೋಡು."

ಎಜ್ರಾ ಬಂದು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅವನ ಬೆರಳ ಗೆಣ್ಣುಗಳು ಒಡೆದಿದ್ದವು. ಆ ಬೆರಳುಗಳಿಂದಲೇ ನನ್ನ ತುಟಿ ಒರೆಸಿದ.

"ಇಷ್ಟೇನಾ? ಹೆದರಿಕೆನಾ?" ಎಂದ. "ನಾನು ನಾಲ್ಕು ವರ್ಷ ನಿಂಗೆ ನನ್ನ ಕಂಡ್ರೆ ಅಸಹ್ಯ ಅಂದ್ಕೊಂಡಿದ್ದೆ ಕಣೋ."

ಅಲ್ಲವೆಂದು ತಲೆಯಾಡಿಸಲು ಹೋದೆ, ಕೊರಳ ಮೂಳೆ ಬಿಡಲಿಲ್ಲ.

"ಅಲ್ಲಾಡ್ಬೇಡ. ಉತ್ತರ ಕೇಳಿಸ್ತು."

ನನ್ನ ಕಾರನ್ನು ಅವನೇ ಓಡಿಸಿದ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ನಮ್ಮಿಬ್ಬರ ರಕ್ತವನ್ನೂ ಮೇಲಿಂದ ಕೆಳಗೆ ನೋಡಿದಳು.

"ನಿಮ್ಮಿಬ್ಬರಲ್ಲಿ ಯಾರು ಯಾರನ್ನ ಹೊಡೆದದ್ದು?"

"ಹೊಡೆದೋನು ಬೇರೆ. ಆಂಬುಲೆನ್ಸಲ್ಲಿ ಬರ್ತಿದ್ದಾನೆ," ಎಂದ ಎಜ್ರಾ. "ಪೊಲೀಸರನ್ನೂ ಕರೀರಿ. ನಾನೂ ಅವನಿಗೆ ಹೊಡೆದಿದ್ದೀನಿ."

ಅವಳು ಫಾರಂ ಮೇಲೆ ಪೆನ್ನು ಊರಿದಳು. "ನೀವು ಇವರಿಗೆ ಏನಾಗಬೇಕು?"

ಎಜ್ರಾ ನನ್ನತ್ತ ತಿರುಗಿದ. ಒಮ್ಮೆ ತಪ್ಪು ಸಮೀಕರಣಗಳ ಮೇಲೆ ಬೆರಳಿಟ್ಟು ಕಾಯುತ್ತಿದ್ದವನ ನೋಟವಲ್ಲ ಅದು. ತಾನೇ ಲೆಕ್ಕ ಬಿಡಿಸುತ್ತಿರುವವನದು.

"ಇವನನ್ನ ನಾನಿನ್ನೂ ಕ್ಷಮಿಸಿಲ್ಲ," ಎಂದ. "ಆದ್ರೆ ಇಲ್ಲಿಂದ ಮನೆಗೆ ಕರ್ಕೊಂಡು ಹೋಗೋನು ನಾನೇ. ಅದಕ್ಕೆ ಯಾವ ಕಾಲಮ್ ಇದ್ಯೋ, ಅದರಲ್ಲಿ ಬರ್ಕೊಳ್ಳಿ."