ಕೊನೆಯ ಬೆಂಚಿನ ಹಾಜರಿ

೨೦೦೩ರಲ್ಲಿ ನಾನು ಮಂಗಳೂರಿನ ಬಂದರಿನ ಪಕ್ಕ, ಒಂದು ವಿದೇಶಿ ವಿಶ್ವವಿದ್ಯಾಲಯದ ಜೊತೆ ಒಪ್ಪಂದವಿದ್ದ ಪುಟ್ಟ ಕಾಲೇಜಿನಲ್ಲಿ ಓದುತ್ತಿದ್ದೆ. ತರಗತಿಯಲ್ಲಿ ಇಪ್ಪತ್ತೆರಡು ಜನ. ಯಾರು ಚಕ್ಕರ್ ಹೊಡೆದರೂ ಅವರದೇ ದನಿಯಲ್ಲಿ ‘ಯೆಸ್ ಸರ್’ ಅನ್ನುವ ಸಮಾಜಸೇವೆ ನನ್ನದು.

ಮಲೇರಿಯಾ ಹಿಡಿದು ಮೂರು ವಾರ ಕೊಟ್ಟೂರಿನ ಮನೆಯಲ್ಲಿ ಮಲಗಿದೆ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ನನ್ನದೇ ತರಗತಿಯ ಹಡಗಲಿಯ ಗೆಳೆಯ ಮೌನೇಶನಿಗೆ ಫೋನ್ ಮಾಡಿ, ಈ ಸಲ ನನ್ನ ಹಾಜರಿ ನೀನು ಹೇಳು ಎಂದಿದ್ದೆ.

ವಾಪಸು ಹೋದ ದಿನ ಅವನು ಮುಖ ಗಂಟಿಕ್ಕಿಕೊಂಡಿದ್ದ.

“ಹಾಜರಿ ಹೇಳಿದೇನಲೇ?”

“ನಾ ಯಾಕ ಹೇಳ್ಲಿ? ದಿನಾ ನೀನ ಕೊನೀ ಬೆಂಚಿನ್ಯಾಗ ಕುಂತಿರತಿದ್ದಿ. ಮಾತಾಡ್ಸಿದ್ರ ದುರುಗುಟ್ಟಿ ನೋಡ್ತಿದ್ದಿ. ಈಗ ನಾಟಕ ಮಾಡಬ್ಯಾಡ.”

ನನಗೇ ಟೋಪಿ ಹಾಕುತ್ತಿದ್ದಾನೆಂದು ನಗುತ್ತ ಹೋಗಿ ಕೊನೆಯ ಬೆಂಚಿನ ಮೇಲೆ ಕೈಯಿಟ್ಟೆ. ಖಾಲಿ ಬೆಂಚು, ಯಾರೋ ಈಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು. ಮುಂದೆ ಬಂದು ಮೌನೇಶನ ಪಕ್ಕ ಕುಳಿತೆ.

ಮೇಷ್ಟ್ರು ಹಾಜರಿ ಕೂಗಿದರು. “ಶಿವಶಂಕರ.”

ನಾನು ಬಾಯಿ ತೆರೆಯುವ ಮುಂಚೆಯೇ ಹಿಂದಿನಿಂದ “ಯೆಸ್ ಸರ್” ಬಂತು. ನನ್ನದೇ ದನಿ, ಜ್ವರಕ್ಕೆ ಒಡೆದ ಗಂಟಲಿನ ಸಮೇತ. ಮೇಷ್ಟ್ರು ಅತ್ತ ನೋಡಿ, ತಲೆಯಾಡಿಸಿ, ಗುರುತು ಹಾಕಿಕೊಂಡರು. ನನಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

“ಸರ್, ಶಿವಶಂಕರ ನಾನು” ಎಂದು ಎದ್ದು ನಿಂತೆ.

“ನೀವು ಯಾರು? ಹೊರಗೆ ಹೋಗಿ” ಅಂದರು. ಮೌನೇಶ ಹಿಂದಕ್ಕೊಮ್ಮೆ, ನನ್ನತ್ತ ಒಮ್ಮೆ ನೋಡಿ, ತನ್ನ ಚೀಲವನ್ನು ನನ್ನಿಂದ ದೂರ ಎಳೆದುಕೊಂಡ.

ಅಂದೇ ಬಸ್ಸು ಹತ್ತಿ ಊರಿಗೆ ಬಂದೆ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಎರಡು ವರ್ಷದ ಮೇಲೆ ಕೊಟ್ಟೂರಿನ ಮನೆಗೆ ನನ್ನ ಹೆಸರಿನ ಪದವಿ ಪತ್ರ ಅಂಚೆಯಲ್ಲಿ ಬಂತು. ಫಸ್ಟ್ ಕ್ಲಾಸ್.