ಖಾಲಿ ತೊಟ್ಟಿಲ ಕಡೆಗೆ

ದೆವ್ವ ಗಿವ್ವ ನಂಬುವವಳಲ್ಲ ನಾನು; ನರ್ಸ್ ಕೆಲಸದಲ್ಲಿ ಅದಕ್ಕೆ ಪುರುಸೊತ್ತೂ ಇಲ್ಲ. ದಿನ ತುಂಬದೆ ಹುಟ್ಟಿದ ಕೂಸಿನ ತಲೆ ಹೊರಳಬಾರದು, ಮಿದುಳಿನಲ್ಲಿ ರಕ್ತ ಒಸರುವ ಭಯ. ಅದಕ್ಕೇ ಮುಖ ನೇರ ಮೇಲಕ್ಕಿರುವಂತೆ ಮಲಗಿಸಿ, ಎರಡೂ ಬದಿಗೆ ಬಟ್ಟೆಯ ಸುರುಳಿ ಒತ್ತಿಡುತ್ತೇವೆ.

ಆ ಮಧ್ಯಾಹ್ನ ಕಿಟಕಿ ಬದಿಯ ಕೂಸು ಪಕ್ಕದ ಖಾಲಿ ತೊಟ್ಟಿಲ ಕಡೆ ಮುಖ ತಿರುಗಿಸಿತ್ತು. ಸುರುಳಿಗಳು ಇಟ್ಟಲ್ಲೇ ಇದ್ದವು.

"ಯಾರಮ್ಮ ಮುಟ್ಟಿದ್ದು?" ಎಂದು ತಾಯಿಯ ಮೇಲೆ ರೇಗಿದೆ.

"ದೇವರಾಣೆ ನಾನಲ್ಲ ಸಿಸ್ಟರ್. ಕತ್ತೇ ನಿಲ್ಲದ ಕೂಸು, ಅದ್ಹೇಗೆ ತಿರುಗ್ತು?"

ಸರಿಮಾಡಿದೆ. ಅತ್ತ ಬೆನ್ನು ಹಾಕುವಷ್ಟರಲ್ಲಿ ಮತ್ತೆ ಅದೇ ಕಡೆ ಮುಖ. ಖಾಲಿ ತೊಟ್ಟಿಲ ಹಾಸಿಗೆ ಮುಟ್ಟಿದೆ. ಆಗಷ್ಟೇ ಯಾರನ್ನೋ ಎತ್ತಿಕೊಂಡಂತೆ ಬೆಚ್ಚಗಿತ್ತು.

ಸಂಜೆಗೆ ಕೂಸಿನ ನೆತ್ತಿ ಉಬ್ಬಿತು. ಸ್ಕ್ಯಾನ್ ಯಂತ್ರ ಕೆಟ್ಟು ಮೂಲೆ ಸೇರಿತ್ತು. "ಮಿದುಳಲ್ಲಿ ರಕ್ತ ಒಸರಿದೆ. ಯಂತ್ರ ಇದ್ದಿದ್ರೆ ನೋಡಬಹುದಿತ್ತು, ತಡೆಯೋಕಾಗ್ತಿರಲಿಲ್ಲ," ಎಂದು ಡಾಕ್ಟರು ಕೈಚೆಲ್ಲಿದರು. ಕತ್ತಲಾಗುವ ಮೊದಲೇ ಕೂಸು ಹೋಯಿತು.

ಮರುದಿನ ಬಂದ ಕೂಸನ್ನು ಹಠ ಹಿಡಿದು ಆ ಖಾಲಿ ತೊಟ್ಟಿಲಿನಲ್ಲೇ ಮಲಗಿಸಿ, ಸುರುಳಿಗಳನ್ನು ನಾನೇ ಒತ್ತಿಟ್ಟು, ಕಣ್ಣು ಕೀಳದೆ ಕೂತೆ. ಒಂದು ಸಲ ರೆಪ್ಪೆ ಮಿಟುಕಿಸಿದೆ, ಅಷ್ಟೇ. ಅದರ ಮುಖ ಕಿಟಕಿಯತ್ತ ತಿರುಗಿತ್ತು.

ನಿನ್ನೆಯಿಂದ ಖಾಲಿ ಬಿದ್ದಿದ್ದ ಆ ಕಿಟಕಿ ಬದಿಯ ತೊಟ್ಟಿಲ ಹಾಸಿಗೆ ಮುಟ್ಟಿದೆ. ಬೆಚ್ಚಗಿತ್ತು.